ಮೇದಸ್ಸಿನ ಕೋಶಗಳು: ದೇಹದ ತೂಕ ಏರಿ ಇಳಿಯುವ ಬಗೆ



ಜನಸಾಮಾನ್ಯರ ಬಾಳಿಗೆ ಹತ್ತಿರವಾದ ಒಂದು ಶಾಸ್ತ್ರವಿಷಯವನ್ನು ವರ್ಷಕ್ಕೊಮ್ಮೆ ತಿಳಿಗನ್ನಡದಲ್ಲಿ ಹೇಳಿಸಬೇಕೆಂಬುದು ಬೆಲ್ಲದ ಬಾಗೇವಾಡಿಯ ಈ ಉಪನ್ಯಾಸದ ದತ್ತಿಯನ್ನು ಇಟ್ಟವರ ಇಚ್ಛೆಯೆಂದು ಕಾರ್ಯದರ್ಶಿಗಳು ತಿಳಿಸಿದಾಗ, ಶರೀರಶಾಸ್ತ್ರವನ್ನು ಬೋಧಿಸುತ್ತ ಬಂದವನಾದ ನನ್ನ ಮನಸ್ಸಿಗೆ ಮೊದಲು ಹೊಳೆದುದು ದೇಹದ ತೂಕದ ವಿಚಾರವೇ. ಧೂಪದಾಳದ ಒಡ್ಡಿನ ಮತ್ತು ಹಿಡಕಲ್ ಜಲಾಶಯದ ನೀರನ್ನು ನಂಬಿ ಕಬ್ಬು ಬೆಳೆಯುವ, ಗಾಣದ ಮನೆಗಳಲ್ಲಿ ಬೆಲ್ಲ ಕಾಯಿಸಿ ಹೆಸರಾದ, ಈಗ ಸಕ್ಕರೆ ಕಾರ್ಖಾನೆಗಳ ಸೀಮೆಯೆನಿಸಿರುವ ಈ ಭಾಗದಲ್ಲಿ, ಬುತ್ತಿ ಕಟ್ಟಿಕೊಂಡು ಹರದಾರಿ ನಡೆದು ಹೊಲ ಸೇರುತ್ತಿದ್ದವರ ಮೊಮ್ಮಕ್ಕಳು ಮೋಟಾರು ಸೈಕಲ್ಲಿನ ಮೇಲೆ ಹೋಗಿಬರುವಂತಾಗಿ, ರಂಟೆ ಕುಂಟೆಗಳ ದುಡಿಮೆಯನ್ನು ಟ್ರ್ಯಾಕ್ಟರು ವಹಿಸಿಕೊಂಡು, ಹಬ್ಬಕ್ಕೆ ಮಾತ್ರ ಸಲ್ಲುತ್ತಿದ್ದ ಸಿಹಿ ಮತ್ತು ಎಣ್ಣೆಯ ತಿನಿಸುಗಳು ದಿನದ ಊಟದೊಳಕ್ಕೆ ಬಂದುಬಿಟ್ಟಿರುವ ಈ ಕಾಲದಲ್ಲಿ, ಮೈ ಬರುವುದು, ಮೈ ಇಳಿಸುವುದು ಎಂಬ ಮಾತು ಪ್ರತಿಯೊಂದು ಮನೆಯ ಮಾತಾಗಿದೆ. 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಸ್ತ್ರೀಯರಲ್ಲಿಯೂ ಪುರುಷರಲ್ಲಿಯೂ ಸುಮಾರು ಶೇಕಡಾ 30 ಮಂದಿ ಅಧಿಕತೂಕದ ವರ್ಗಕ್ಕೆ ಸೇರಿದವರು.

ಇಷ್ಟು ವ್ಯಾಪಕವಾದ ವಿಷಯವನ್ನು ಕುರಿತು ಉಪದೇಶ ಹೇಳುವವರು ಬಹಳ ಮಂದಿ ಇದ್ದಾರೆ. ಮೈಯೊಳಗೆ ನಿಜವಾಗಿ ನಡೆಯುವುದೇನೆಂದು ವಿವರಿಸುವವರು ವಿರಳ. ಆದಕಾರಣ ನಾನು ಉಪದೇಶವನ್ನು ಕೊನೆಗೆ ಇಟ್ಟುಕೊಂಡು, ವಿವರಣೆಗೆ ಹೆಚ್ಚು ಅವಕಾಶ ಕೊಟ್ಟಿದ್ದೇನೆ. ನನ್ನ ಮಾತಿನಲ್ಲಿ ನಾಲ್ಕು ಭಾಗಗಳುಂಟು. ಕೊಬ್ಬಿನ ಕೋಶವೆಂದರೇನು, ದೇಹದಲ್ಲಿ ಅದರ ಕರ್ತವ್ಯವೇನು ಎಂಬುದು ಮೊದಲನೆಯದು. ತೂಕ ಏರುವಾಗ ಆ ಕೋಶಕ್ಕೆ ಏನಾಗುತ್ತದೆಂಬುದು ಎರಡನೆಯದು. ತೂಕ ಇಳಿಯುವಾಗ ಏನಾಗುತ್ತದೆ, ಇಳಿದ ತೂಕ ಮರಳಿ ಏಕೆ ಏರುತ್ತದೆ ಎಂಬುದು ಮೂರನೆಯದು. ನಮ್ಮ ನಾಡಿನವರ ಮೈಯಲ್ಲಿ ಈ ಸಂಗತಿ ತಳೆದಿರುವ ವಿಶೇಷ ರೂಪವೇನೆಂಬುದು ನಾಲ್ಕನೆಯದು. ಔಷಧೋಪಚಾರದ ಸಲಹೆ ಈ ಉಪನ್ಯಾಸದ ವ್ಯಾಪ್ತಿಗೆ ಸೇರಿದುದಲ್ಲ. ಅದು ರೋಗಿ ಮತ್ತು ವೈದ್ಯರಿಬ್ಬರೇ ಕುಳಿತು ನಿಶ್ಚಯಿಸಿಕೊಳ್ಳತಕ್ಕ ವಿಷಯ.

ಮೊದಲನೆಯ ಭಾಗಕ್ಕೆ ಬರೋಣ. ನಮ್ಮ ಪ್ರಾಚೀನ ವೈದ್ಯರು ಮೇದಸ್ಸನ್ನು ದೇಹದ ಕಸವೆಂದು ಬಗೆಯದೆ, ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಸಪ್ತಧಾತುಗಳಲ್ಲಿ ಒಂದಾಗಿ ಎಣಿಸಿದರು. ಎಂದರೆ ದೇಹವನ್ನು ಧರಿಸಿ ನಿಲ್ಲಿಸುವ ದ್ರವ್ಯಗಳ ಸಾಲಿನಲ್ಲಿ ಅದಕ್ಕೂ ಸ್ಥಾನ ಕೊಟ್ಟರು. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿಸ್ಥೂಲ ಮತ್ತು ಅತಿಕೃಶ ದೇಹಗಳೆರಡನ್ನೂ ನಿಂದಿತವೆಂದು ಹೇಳಿ, ಸ್ಥೂಲತೆಯ ಕಾರಣಗಳನ್ನು ಎಣಿಸುವಾಗ ಗುರುಮಧುರ ಆಹಾರ, ವ್ಯಾಯಾಮವಿಲ್ಲದಿರುವಿಕೆ, ಹಗಲುನಿದ್ದೆ ಇವುಗಳ ಜೊತೆಗೆ ಬೀಜಸ್ವಭಾವವನ್ನೂ ಸೇರಿಸಿದೆ. ಅಷ್ಟೇ ಅಲ್ಲದೆ, ಸ್ಥೂಲನಾದವನಿಗೆ ಹಸಿವು ಮಿತಿಮೀರುವುದೆಂಬುದನ್ನು ಆ ಸ್ಥಿತಿಯ ದೋಷಗಳಲ್ಲಿ ಒಂದಾಗಿ ಗುರುತಿಸಿದೆ. ತಂದೆತಾಯಿಗಳಿಂದ ಬಂದ ಪ್ರಕೃತಿ, ಸ್ಥೂಲತೆಯೇ ಹೆಚ್ಚಿಸುವ ಹಸಿವು ಎಂಬ ಈ ಎರಡು ಅಂಶಗಳನ್ನು ಸಭಿಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ಮುಂದೆ ಇವುಗಳ ಆಧುನಿಕ ವಿವರಣೆ ನಮಗೆ ಎದುರಾಗಲಿದೆ.

ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಕೊಬ್ಬಿನ ಕೋಶದ ರಚನೆ ಬಹು ಸರಳವಾಗಿ ತೋರುತ್ತದೆ. ಕೋಶದ ಬಹುಭಾಗವನ್ನು ಎಣ್ಣೆಯ ಒಂದೇ ಒಂದು ದೊಡ್ಡ ಹನಿ ಆಕ್ರಮಿಸಿಕೊಂಡು, ಕೋಶಕೇಂದ್ರವೂ ಉಳಿದ ಜೀವದ್ರವ್ಯವೂ ಅಂಚಿಗೆ ಒತ್ತರಿಸಲ್ಪಟ್ಟಿರುತ್ತವೆ. ಆ ಹನಿಯಲ್ಲಿರುವುದು ಟ್ರೈಗ್ಲಿಸರೈಡ್; ಗ್ಲಿಸರಾಲ್ ಎಂಬ ಒಂದು ಅಣುವಿಗೆ ಮೂರು ಮೇದಾಮ್ಲಗಳು ಕೂಡಿಕೊಂಡು ಆದ ಪದಾರ್ಥ. ಇಂತಹ ಕೋಶಗಳು ಒಬ್ಬ ವಯಸ್ಕನ ದೇಹದಲ್ಲಿ ಸಾವಿರಾರು ಕೋಟಿ ಇರುತ್ತವೆ. ಶಿಶುಗಳ ಮೈಯಲ್ಲಿ ಹೇರಳವಾಗಿದ್ದು, ಕೊಬ್ಬನ್ನು ಉರಿಸಿ ಶಾಖವನ್ನು ಉಂಟುಮಾಡುವ ಕಂದುಬಣ್ಣದ ಕೊಬ್ಬು ಬೇರೊಂದುಂಟು. ಇಂದಿನ ನನ್ನ ಮಾತು ಸಂಗ್ರಹಕ್ಕೆಂದೇ ಇರುವ ಬಿಳಿಯ ಕೊಬ್ಬಿಗೆ ಸಂಬಂಧಿಸಿದುದು.

ಈ ಸಂಗ್ರಹ ಏತಕ್ಕಾಗಿ? ನಮ್ಮ ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಗ್ಲೈಕೋಜನ್ನಿನ ರೂಪದಲ್ಲಿ ಕೂಡಿಟ್ಟ ಶರ್ಕರವು ಸರಿಸುಮಾರು ಒಂದು ದಿನದ ಖರ್ಚಿಗೆ ಮಾತ್ರ ಸಾಲುತ್ತದೆ. ಆದರೆ ಒಂದು ಕಿಲೋ ಕೊಬ್ಬಿನ ಅಂಗಾಂಶದಲ್ಲಿ ಸುಮಾರು 7,700 ಕಿಲೋಕ್ಯಾಲೊರಿಗಳಷ್ಟು ಶಕ್ತಿ ಅಡಗಿರುವುದರಿಂದ, 10 ಕಿಲೋ ಕೊಬ್ಬುಳ್ಳವನು ಆಹಾರವಿಲ್ಲದೆ ಒಂದು ತಿಂಗಳಿಗೂ ಮಿಕ್ಕಿ ಶಕ್ತಿಯ ಮಟ್ಟಿಗೆ ಬದುಕಿ ಉಳಿಯಬಲ್ಲನು. 1876–78ರ ಮಹಾಕ್ಷಾಮವು ಅಂದಿನ ಮುಂಬಯಿ ಪ್ರಾಂತದ ಬೆಳಗಾವಿ, ಕಲಾದಗಿ, ಧಾರವಾಡ ಜಿಲ್ಲೆಗಳನ್ನು ಹಿಂಡಿದಾಗ ಬದುಕಿ ಉಳಿದವರ ಪೈಕಿ ಎಷ್ಟೋ ಮಂದಿಯನ್ನು ಉಳಿಸಿದುದು ಅವರ ಮೈಯ ಈ ಸಂಗ್ರಹವೇ ಇರಬೇಕು. ಕೊಬ್ಬಿನ ಕೋಶವೇ ಇಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನುವವರಿಗೆ ವೈದ್ಯಶಾಸ್ತ್ರದಲ್ಲಿ ಒಂದು ಉತ್ತರವುಂಟು. ಅತಿ ಅಪರೂಪವಾದ ಒಂದು ಜನ್ಮಜಾತ ವ್ಯಾಧಿಯಲ್ಲಿ ಮಗು ಕೊಬ್ಬಿನ ಕೋಶಗಳೇ ಇಲ್ಲದೆ ಹುಟ್ಟುತ್ತದೆ. ಅಂಥವರು ನೋಡಲು ಮಲ್ಲರಂತೆ ಸ್ನಾಯುಗಳು ಎದ್ದುಕಾಣುವ ಮೈಯವರಾಗಿದ್ದರೂ, ಸೇರಿದ ಕೊಬ್ಬಿಗೆ ನೆಲೆಯಿಲ್ಲದೆ ಅದು ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ತುಂಬಿಕೊಂಡು, ಎಳೆಯ ವಯಸ್ಸಿನಲ್ಲಿಯೇ ಉಗ್ರವಾದ ಮಧುಮೇಹಕ್ಕೆ ತುತ್ತಾಗುತ್ತಾರೆ. ಕೊಬ್ಬನ್ನು ಅಪಾಯವಿಲ್ಲದ ಜಾಗದಲ್ಲಿ ಇಟ್ಟುಕೊಳ್ಳುವುದೇ ಈ ಕೋಶದ ಉಪಕಾರವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇದರ ಜೊತೆಗೆ ಈ ಕೋಶಕ್ಕೆ ಇನ್ನೊಂದು ಕರ್ತವ್ಯವೂ ಇದೆ. 1994ರಲ್ಲಿ ನ್ಯೂಯಾರ್ಕಿನ ರಾಕೆಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ನರೂ ಅವರ ಸಂಗಡಿಗರೂ ಲೆಪ್ಟಿನ್ ಎಂಬ ಹಾರ್ಮೋನಿನ ಜೀನನ್ನು ಕಂಡುಹಿಡಿದರು. ಕೊಬ್ಬಿನ ಕೋಶಗಳು ತಮ್ಮಲ್ಲಿರುವ ಸಂಗ್ರಹಕ್ಕೆ ಅನುಗುಣವಾಗಿ ಈ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಮಿದುಳು ಅದರ ಪ್ರಮಾಣದಿಂದ ದೇಹದ ಸಂಗ್ರಹವನ್ನು ಅಳೆದು, ಹಸಿವನ್ನೂ ಶಕ್ತಿಯ ಖರ್ಚನ್ನೂ ಅದಕ್ಕೆ ತಕ್ಕಂತೆ ತಿದ್ದುತ್ತದೆ. ಹೀಗೆ ಜಡವೆಂದು ಭಾವಿಸಿದ್ದ ಕೊಬ್ಬು ಮಿದುಳಿನೊಡನೆ ನಿರಂತರ ಸಂವಾದ ನಡೆಸುವ ಗ್ರಂಥಿಯೆಂದು ಸಿದ್ಧವಾಯಿತು.

ಇನ್ನು ಎರಡನೆಯ ಭಾಗ: ತೂಕ ಏರುವ ಬಗೆ. ಇದನ್ನು ತಿಳಿಸಲು ಈ ಸೀಮೆಯ ಹಿರಿಯರೆಲ್ಲರೂ ಬಲ್ಲ ಹಗೇವನ್ನು ಉಪಮಾನವಾಗಿ ತೆಗೆದುಕೊಳ್ಳುತ್ತೇನೆ. ಸುಗ್ಗಿ ಮುಗಿದ ಮೇಲೆ ನೆಲದೊಳಗೆ ತೋಡಿದ ಹಗೇವಿಗೆ ಜೋಳವನ್ನು ತುಂಬಿ ಬಾಯಿ ಮುಚ್ಚಿಡುತ್ತಿದ್ದರಷ್ಟೆ. ಬೆಳೆ ಹೆಚ್ಚಾಗಿ ಬಂದ ವರ್ಷ ಒಕ್ಕಲಿಗನ ಮುಂದೆ ಎರಡು ದಾರಿಗಳು: ಇರುವ ಹಗೇವನ್ನೇ ಕಂಠಮಟ್ಟ ತುಂಬುವುದು ಒಂದು, ಹೊಸ ಹಗೇವನ್ನು ತೋಡುವುದು ಇನ್ನೊಂದು. ದೇಹವೂ ಈ ಎರಡನ್ನೂ ಮಾಡುತ್ತದೆ. ಕೊಬ್ಬಿನ ಕೋಶವು ತುಂಬುತ್ತ ತುಂಬುತ್ತ, ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ ಇಪ್ಪತ್ತರಷ್ಟಿದ್ದ ವ್ಯಾಸದಿಂದ ನೂರು, ನೂರೈವತ್ತು ಪಾಲುಗಳವರೆಗೂ ಹಿಗ್ಗಬಲ್ಲದು. ಅದು ಸಾಲದಾದಾಗ ಮೂಲಕೋಶಗಳಿಂದ ಹೊಸ ಕೊಬ್ಬಿನ ಕೋಶಗಳು ಹುಟ್ಟಿಕೊಳ್ಳುತ್ತವೆ.

ಯಾವ ಮೈಯಲ್ಲಿ ಎಷ್ಟು ಕೋಶಗಳಿವೆ, ಅವು ಯಾವ ವಯಸ್ಸಿನಲ್ಲಿ ಹುಟ್ಟಿದುವು ಎಂದು ತಿಳಿಯುವುದು ಬಹುಕಾಲ ದುಸ್ಸಾಧ್ಯವಾಗಿತ್ತು. 1960ರ ದಶಕದಲ್ಲಿ ರಾಕೆಫೆಲ್ಲರ್ ಸಂಸ್ಥೆಯ ಜೂಲ್ಸ್ ಹರ್ಷ್ ಎಂಬ ವೈದ್ಯವಿಜ್ಞಾನಿ, ಸೂಜಿಯಿಂದ ಚರ್ಮದಡಿಯ ಕೊಬ್ಬಿನ ಚೂರನ್ನು ತೆಗೆದು ಕೋಶಗಳನ್ನು ಎಣಿಸುವ ಕ್ರಮವನ್ನು ರೂಪಿಸಿ, ಸ್ಥೂಲರಲ್ಲಿ ಕೋಶಗಳು ದೊಡ್ಡವಾಗಿರುವುದು ಮಾತ್ರವಲ್ಲದೆ ಸಂಖ್ಯೆಯಲ್ಲಿಯೂ ಅಧಿಕವಾಗಿರುತ್ತವೆಂದು ತೋರಿಸಿದರು. ಅವುಗಳ ಆಯುಷ್ಯದ ಪ್ರಶ್ನೆಗೆ ಉತ್ತರ ದೊರೆತುದು ಒಂದು ವಿಲಕ್ಷಣ ಮಾರ್ಗದಿಂದ. 1955ರಿಂದ 1963ರವರೆಗೆ ಬಲಾಢ್ಯ ರಾಷ್ಟ್ರಗಳು ಬಯಲಿನಲ್ಲಿ ನಡೆಸಿದ ಪರಮಾಣು ಬಾಂಬುಗಳ ಪರೀಕ್ಷೆಗಳಿಂದ ವಾಯುಮಂಡಲದಲ್ಲಿ ಕಾರ್ಬನ್-14ರ ಪ್ರಮಾಣ ಏಕಾಏಕಿ ಏರಿ, 1963ರ ನಿಷೇಧ ಒಪ್ಪಂದದ ತರುವಾಯ ವರ್ಷವರ್ಷಕ್ಕೆ ಇಳಿಯುತ್ತ ಬಂದಿತು. ಗಾಳಿಯಿಂದ ಬೆಳೆಗೆ, ಬೆಳೆಯಿಂದ ಆಹಾರಕ್ಕೆ, ಆಹಾರದಿಂದ ದೇಹಕ್ಕೆ ಸೇರಿದ ಆ ಕಾರ್ಬನ್, ಒಂದು ಕೋಶ ಹುಟ್ಟಿದ ವರ್ಷದಲ್ಲಿ ಗಾಳಿಯಲ್ಲಿದ್ದ ಪ್ರಮಾಣದಲ್ಲಿಯೇ ಆ ಕೋಶದ ಡಿಎನ್‌ಎಯಲ್ಲಿ ನೆಲೆಸಿಬಿಡುತ್ತದೆ. ಆದುದರಿಂದ ಅದನ್ನು ಅಳೆದರೆ ಕೋಶದ ಜನ್ಮವರ್ಷವೇ ಗೊತ್ತಾಗುತ್ತದೆ. ಸ್ವೀಡನ್ನಿನ ಕ್ಯಾರೊಲಿನ್‌ಸ್ಕಾ ಸಂಸ್ಥೆಯ ಕರ್ಸ್ಟಿ ಸ್ಪಾಲ್ಡಿಂಗ್ ಮತ್ತು ಸಂಗಡಿಗರು ಈ ಉಪಾಯದಿಂದ ಕಂಡುಕೊಂಡುದನ್ನು 2008ರಲ್ಲಿ ಪ್ರಕಟಿಸಿದರು. ಕೊಬ್ಬಿನ ಕೋಶಗಳ ಸಂಖ್ಯೆ ಬಾಲ್ಯ ಮತ್ತು ಹದಿಹರೆಯದಲ್ಲಿ ಏರಿ, ಪ್ರಾಯಕ್ಕೆ ಬಂದ ಮೇಲೆ ಹೆಚ್ಚುಕಡಿಮೆ ಸ್ಥಿರವಾಗಿ ನಿಲ್ಲುತ್ತದೆ. ವರ್ಷಕ್ಕೆ ಸುಮಾರು ಶೇಕಡಾ 10ರಷ್ಟು ಕೋಶಗಳು ಸಾಯುತ್ತವೆ, ಅಷ್ಟೇ ಹೊಸವು ಹುಟ್ಟುತ್ತವೆ. ಕುಸಿದ ಹಗೇವಿನ ಲೆಕ್ಕಕ್ಕೆ ಇನ್ನೊಂದನ್ನು ತೋಡಿ, ಒಟ್ಟು ಸಂಖ್ಯೆಯನ್ನು ದೇಹವು ಹಟದಿಂದೆಂಬಂತೆ ಕಾಪಾಡಿಕೊಳ್ಳುತ್ತದೆ.

ಈ ನಿಯಮಕ್ಕೆ ಅಪವಾದವಿಲ್ಲದಿಲ್ಲ. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಸ್ವಯಂಸೇವಕರಿಗೆ ಎಂಟು ವಾರಗಳ ಕಾಲ ಬೇಕೆಂದೇ ಹೆಚ್ಚಾಗಿ ಉಣಿಸಿ ನೋಡಿದಾಗ, ಹೊಟ್ಟೆಯ ಭಾಗದ ಕೋಶಗಳು ಹಿಗ್ಗಿದುವು. ತೊಡೆಯ ಭಾಗದಲ್ಲಾದರೋ ಹೊಸ ಕೋಶಗಳೇ ಹುಟ್ಟಿದ್ದುವು. ಎಲ್ಲಿ ಹೊಸ ಕೋಶಗಳು ಸುಲಭವಾಗಿ ಹುಟ್ಟುತ್ತವೆಯೋ ಅಲ್ಲಿ ಸೇರುವ ಕೊಬ್ಬು ನಿರಪಾಯಕರ. ಎಲ್ಲಿ ಇರುವ ಕೋಶಗಳೇ ಮಿತಿಮೀರಿ ಉಬ್ಬುತ್ತವೆಯೋ ಅಲ್ಲಿ ಕಷ್ಟ ಮೊದಲಾಗುತ್ತದೆ. ಹಾಗೆ ಉಬ್ಬಿದ ಕೋಶಗಳು ಸಾಯತೊಡಗಿ, ಸತ್ತವುಗಳನ್ನು ತೆಗೆಯಲು ರಕ್ತದ ಭಕ್ಷಕಕೋಶಗಳು ಸುತ್ತ ನೆರೆದು, ಅಂಗಾಂಶದಲ್ಲಿ ಕಾಣದ ಒಂದು ಉರಿಯೂತ ನೆಲೆಗೊಳ್ಳುತ್ತದೆ. ಇನ್ಸುಲಿನ್ ಎಂಬ ಹಾರ್ಮೋನಿನ ಮಾತು ಅಲ್ಲಿ ನಡೆಯದಾಗುತ್ತದೆ. ಹಿಡಿಸಲಾರದ ಕೊಬ್ಬು ರಕ್ತಕ್ಕೆ ಹರಿದು ಯಕೃತ್ತು, ಮೇದೋಜೀರಕ ಗ್ರಂಥಿ, ಸ್ನಾಯುಗಳನ್ನು ಸೇರುತ್ತದೆ. ಸ್ಥೂಲತೆಯ ಜೊತೆಗೆ ಬರುವ ಮಧುಮೇಹದ ಬೇರು ಬಹುಮಟ್ಟಿಗೆ ಇಲ್ಲಿದೆ.

ಬೆಲ್ಲದ ಊರಿನಲ್ಲಿ ನಿಂತು ಬೆಲ್ಲದ ಮಾತನ್ನು ಬಿಡುವುದು ಉಚಿತವಲ್ಲ. ಸಕ್ಕರೆ ಕೆಟ್ಟದ್ದು, ಬೆಲ್ಲ ಎಷ್ಟು ತಿಂದರೂ ಮೈಗೆ ಒಳ್ಳೆಯದು ಎಂಬ ನಂಬಿಕೆ ವಿದ್ಯಾವಂತರಲ್ಲಿಯೂ ಉಂಟು. ಬೆಲ್ಲದಲ್ಲಿ ಅಲ್ಪಸ್ವಲ್ಪ ಲವಣಾಂಶಗಳಿರುವುದು ನಿಜವಾದರೂ, ಅದರ ಬಹುಪಾಲು ಸುಕ್ರೋಸೇ. ಕೊಬ್ಬಿನ ಕೋಶವು ಬೆಲ್ಲಕ್ಕೂ ಸಕ್ಕರೆಗೂ ಭೇದವೆಣಿಸುವುದಿಲ್ಲ. ಇದರಲ್ಲಿ ಒಂದು ಸೂಕ್ಷ್ಮವಿದೆ: ಸಿಹಿಯನ್ನು ತಿಂದಾಗ ಅದೆಲ್ಲವೂ ಕೊಬ್ಬಾಗಿ ಮಾರ್ಪಡುತ್ತದೆಂದು ಜನರು ತಿಳಿಯುವುದುಂಟು, ವಾಸ್ತವದಲ್ಲಿ ಹೆಚ್ಚಾಗಿ ನಡೆಯುವುದೇನೆಂದರೆ, ಸಿಹಿಯಿಂದ ಏರಿದ ಇನ್ಸುಲಿನ್ ಕೊಬ್ಬಿನ ಕೋಶದ ಬಾಯಿಯನ್ನು ಮುಚ್ಚಿ, ದೇಹವು ಆಗ ಶರ್ಕರವನ್ನೇ ಉರಿಸುವಂತೆ ಮಾಡುವುದರಿಂದ, ಅದೇ ಊಟದಲ್ಲಿ ಬಂದ ಎಣ್ಣೆತುಪ್ಪಗಳು ಖರ್ಚಾಗದೆ ಸಂಗ್ರಹಕ್ಕೆ ಹೋಗುತ್ತವೆ. ಹೋಳಿಗೆಯ ಮೇಲೆ ತುಪ್ಪ, ಕರದಂಟಿನಲ್ಲಿ ಬೆಲ್ಲದೊಡನೆ ಗೋಡಂಬಿ ಬಾದಾಮಿ: ಹೀಗೆ ಸಿಹಿಯೂ ಜಿಡ್ಡೂ ಒಂದಾಗಿ ಬರುವ ನಮ್ಮ ಹಬ್ಬದ ತಿನಿಸುಗಳು ಇಡೀ ದಿನ ಮೈಮುರಿದು ದುಡಿಯುವವನಿಗೂ ತಾಲೀಮು ಮಾಡುವ ಪೈಲವಾನನಿಗೂ ಹೇಳಿಮಾಡಿಸಿದಂಥವು. ತಾಲೀಮು ಬಿಟ್ಟ ಪೈಲವಾನನು ಗರಡಿಯ ಊಟವನ್ನು ಮಾತ್ರ ಬಿಡದಿದ್ದರೆ ಕೆಲವೇ ವರ್ಷಗಳಲ್ಲಿ ಅವನ ಮೈ ಏನಾಗುವುದೆಂಬುದನ್ನು ಈ ಜಿಲ್ಲೆಯವರಿಗೆ ನಾನು ಬಣ್ಣಿಸಬೇಕಾಗಿಲ್ಲ.

ಇಲ್ಲಿಂದ ಮೂರನೆಯ ಭಾಗಕ್ಕೆ ಸಾಗುತ್ತೇನೆ. ಇದೇ ಇಂದಿನ ಉಪನ್ಯಾಸದ ತಿರುಳು. ಆಹಾರ ಕಡಿಮೆಯಾದಾಗ, ಇಲ್ಲವೆ ದುಡಿಮೆ ಹೆಚ್ಚಾದಾಗ, ರಕ್ತದಲ್ಲಿ ಇನ್ಸುಲಿನ್ ತಗ್ಗುತ್ತದೆ, ಅಡ್ರಿನಲಿನ್ ವರ್ಗದ ಹಾರ್ಮೋನುಗಳು ಏರುತ್ತವೆ. ಆಗ ಕೋಶದೊಳಗಿನ ಕಿಣ್ವಗಳು ಟ್ರೈಗ್ಲಿಸರೈಡನ್ನು ಒಡೆದು, ಮೇದಾಮ್ಲಗಳನ್ನೂ ಗ್ಲಿಸರಾಲನ್ನೂ ರಕ್ತಕ್ಕೆ ಬಿಡುತ್ತವೆ. ಮೇದಾಮ್ಲಗಳು ಸ್ನಾಯು, ಹೃದಯ ಮೊದಲಾದ ಅಂಗಗಳನ್ನು ಸೇರಿ, ಅಲ್ಲಿ ಆಮ್ಲಜನಕದೊಡನೆ ಕೂಡಿ ಉರಿಯುತ್ತವೆ. ಹಾಗೆ ಉರಿದ ಕೊಬ್ಬು ಹೋಗುವುದಾದರೂ ಎಲ್ಲಿಗೆ? ಶಕ್ತಿಯಾಗಿ ಮಾಯವಾಗುತ್ತದೆಂದು ಕೆಲವರು, ಬೆವರಿನಲ್ಲಿಯೂ ಮಲದಲ್ಲಿಯೂ ಹೋಗುತ್ತದೆಂದು ಕೆಲವರು ಹೇಳುವರು. ಆಸ್ಟ್ರೇಲಿಯದ ರೂಬೆನ್ ಮೀರ್ಮನ್ ಮತ್ತು ಆಂಡ್ರೂ ಬ್ರೌನ್ ಎಂಬ ವಿಜ್ಞಾನಿಗಳು 2014ರಲ್ಲಿ ಪರಮಾಣುಗಳ ಲೆಕ್ಕ ಹಾಕಿ ತೋರಿಸಿದಂತೆ, 10 ಕಿಲೋ ಕೊಬ್ಬು ಪೂರ್ಣವಾಗಿ ಉರಿದರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡಾಗಿ ಉಸಿರಿನಲ್ಲಿ ಹೊರಟುಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಕರಗಿದ ಕೊಬ್ಬಿನ ಬಹುಭಾಗವನ್ನು ಮನುಷ್ಯನು ಉಸಿರಾಡಿಯೇ ಹೊರಹಾಕುತ್ತಾನೆ. ಆದಕಾರಣ ಹೊಟ್ಟೆಗೆ ಪಟ್ಟಿ ಬಿಗಿದು ಬೆವರಿಳಿಸುವುದರಿಂದಾಗಲಿ, ಹೊಟ್ಟೆಯ ಸ್ನಾಯುಗಳನ್ನು ಮಾತ್ರ ದುಡಿಸುವುದರಿಂದಾಗಲಿ ಅಲ್ಲಿಯ ಕೊಬ್ಬನ್ನು ಮಾತ್ರ ಆರಿಸಿ ಕರಗಿಸಬಹುದೆಂಬುದು ಆಧಾರವಿಲ್ಲದ ಆಸೆ; ರಕ್ತವು ಇಡೀ ದೇಹದ ಸಂಗ್ರಹದಿಂದ ಕೊಬ್ಬನ್ನು ಒಯ್ಯುತ್ತದೆ.

ಈಗ ಮುಖ್ಯವಾದ ಪ್ರಶ್ನೆ. ಕೊಬ್ಬು ಹೋಯಿತು; ಅದನ್ನು ಹಿಡಿದಿದ್ದ ಕೋಶ ಹೋಯಿತೆ? ಹೋಗಲಿಲ್ಲ. ಜೂಲ್ಸ್ ಹರ್ಷರು ತೂಕ ಇಳಿಸಿಕೊಂಡವರ ಕೋಶಗಳನ್ನು ಎಣಿಸಿದಾಗ, ಗಾತ್ರ ಕುಗ್ಗಿತ್ತು, ಸಂಖ್ಯೆ ಇದ್ದಂತೆಯೇ ಇದ್ದಿತು. ಸ್ಪಾಲ್ಡಿಂಗರ ತಂಡದವರು ಜಠರದ ಶಸ್ತ್ರಚಿಕಿತ್ಸೆಗೆ ಒಳಗಾಗಿ ಬಹಳ ತೂಕ ಕಳೆದುಕೊಂಡವರನ್ನು ಎರಡು ವರ್ಷಗಳ ಬಳಿಕ ಪರೀಕ್ಷಿಸಿದಾಗಲೂ ಸಂಖ್ಯೆ ಇಳಿದಿರಲಿಲ್ಲ. ಜೋಳ ತೀರಿತು, ಹಗೇವು ಉಳಿಯಿತು. ಅಲ್ಲದೆ ಆ ಬರಿದಾದ ಕೋಶಗಳು ಸುಮ್ಮನಿರುವುವೂ ಅಲ್ಲ. ಅವು ಬಿಡುವ ಲೆಪ್ಟಿನ್ ಕಡಿಮೆಯಾಗುವುದರಿಂದ, ದೇಹಕ್ಕೆ ಕ್ಷಾಮ ಬಂದಿದೆಯೆಂದು ಮಿದುಳು ಗ್ರಹಿಸಿ, ಹಸಿವನ್ನು ಏರಿಸಿ, ಖರ್ಚನ್ನು ತಗ್ಗಿಸುತ್ತದೆ. 1995ರಲ್ಲಿ ರುಡಾಲ್ಫ್ ಲೀಬೆಲ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗಗಳಲ್ಲಿ, ದೇಹತೂಕದ ಹತ್ತನೆಯ ಒಂದು ಪಾಲನ್ನು ಇಳಿಸಿಕೊಂಡವನ ಮೈ, ಕುಗ್ಗಿದ ದೇಹಕ್ಕೆ ಸಹಜವಾಗಿ ಬೇಕಾಗುವುದಕ್ಕಿಂತಲೂ ಕಡಿಮೆ ಶಕ್ತಿಯನ್ನು ವ್ಯಯಿಸುತ್ತದೆಂದು ತಿಳಿದುಬಂದಿತು. ಚರಕಸಂಹಿತೆಯು ಸ್ಥೂಲನ ಹಸಿವನ್ನು ಕುರಿತು ಹೇಳಿದ ಮಾತಿಗೆ ಈ ಕಾಲದ ಶಾಸ್ತ್ರವು ಸೇರಿಸುವ ಅಂಶವೆಂದರೆ, ಸ್ಥೂಲನಾಗಿದ್ದು ಕೃಶನಾದವನ ಹಸಿವು ಇನ್ನೂ ಪ್ರಬಲವೆಂಬುದು.

ಇದಕ್ಕೆ ಒಂದು ಐತಿಹಾಸಿಕ ನಿದರ್ಶನವುಂಟು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರಲ್ಲಿ, ಯುರೋಪಿನ ಕ್ಷಾಮಪೀಡಿತರಿಗೆ ಹೇಗೆ ಉಣಿಸಬೇಕೆಂದು ತಿಳಿಯಲು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 36 ಮಂದಿ ಆರೋಗ್ಯವಂತ ತರುಣರನ್ನು ಅವರ ಒಪ್ಪಿಗೆಯಿಂದಲೇ 24 ವಾರಗಳ ಕಾಲ ಅರೆಹೊಟ್ಟೆಯಲ್ಲಿ ಇರಿಸಿದರು. ಅವರ ತೂಕದ ನಾಲ್ಕನೆಯ ಒಂದು ಪಾಲಿನಷ್ಟು ಇಳಿಯಿತು. ಹಗಲಿರುಳೂ ಅನ್ನದ ಧ್ಯಾನವೇ ಆಯಿತು. ಮತ್ತೆ ಯಥೇಚ್ಛವಾಗಿ ಉಣ್ಣಲು ಬಿಟ್ಟಾಗ ಅವರಲ್ಲಿ ಮರಳಿ ಸೇರಿದ ಕೊಬ್ಬು ಮೊದಲಿದ್ದುದನ್ನೂ ಮೀರಿತು. ಇವರಾರೂ ಹೊಟ್ಟೆಬಾಕರಾಗಲಿ ಮನೋದಾರ್ಢ್ಯವಿಲ್ಲದವರಾಗಲಿ ಆಗಿರಲಿಲ್ಲ. 2024ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಚ್‌ನ ವಿಜ್ಞಾನಿಗಳು ಇನ್ನೂ ಒಳಗಿನ ಒಂದು ಕಾರಣವನ್ನು ತೋರಿಸಿದ್ದಾರೆ: ಸ್ಥೂಲತೆಯ ಕಾಲದಲ್ಲಿ ಕೊಬ್ಬಿನ ಕೋಶಗಳ ಜೀನುಗಳ ಮೇಲೆ ಬಿದ್ದ ರಾಸಾಯನಿಕ ಗುರುತುಗಳು ತೂಕ ಇಳಿದ ಮೇಲೂ ಅಳಿಸಿಹೋಗುವುದಿಲ್ಲ; ಅಂಥ ಗುರುತುಗಳುಳ್ಳ ಇಲಿಗಳು ಕೊಬ್ಬಿನ ಆಹಾರ ಸಿಕ್ಕೊಡನೆ ಇತರ ಇಲಿಗಳಿಗಿಂತ ಬೇಗ ತೂಕ ಗಳಿಸಿದುವು.

ಹಾಗಾದರೆ ಕೋಶಗಳನ್ನೇ ಹೀರಿ ತೆಗೆದುಬಿಟ್ಟರೆ ಆಗದೆ ಎಂದು ಕೇಳಬಹುದು. ಚರ್ಮದಡಿಯ ಕೊಬ್ಬನ್ನು ನಳಿಕೆಯಿಂದ ಹೀರುವ ಶಸ್ತ್ರಕ್ರಿಯೆ ಈಗ ನಗರಗಳಲ್ಲಿ ನಡೆಯುತ್ತಿರುವುದು ಸರಿಯೆ. ಆದರೆ ಆ ರೀತಿ ಹಲವು ಕಿಲೋ ಕೊಬ್ಬನ್ನು ತೆಗೆಯಿಸಿಕೊಂಡ ಸ್ತ್ರೀಯರನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವರ ಇನ್ಸುಲಿನ್ ಸ್ಥಿತಿಯಾಗಲಿ ರಕ್ತದೊತ್ತಡವಾಗಲಿ ಸುಧಾರಿಸಲಿಲ್ಲ. 2011ರ ಇನ್ನೊಂದು ಅಧ್ಯಯನದಲ್ಲಿ, ತೊಡೆಯಿಂದ ತೆಗೆದ ಕೊಬ್ಬು ಒಂದು ವರ್ಷದೊಳಗಾಗಿ ಹೊಟ್ಟೆಯ ಭಾಗದಲ್ಲಿ ಮರಳಿ ಸೇರಿದುದು ಕಂಡುಬಂದಿತು. ಇತ್ತೀಚೆಗೆ ನಮ್ಮ ದೇಶಕ್ಕೂ ಬಂದಿರುವ ಸೆಮಾಗ್ಲುಟೈಡ್ ಮೊದಲಾದ ಚುಚ್ಚುಮದ್ದುಗಳು ಹಸಿವನ್ನು ಅಡಗಿಸಿ ತೂಕವನ್ನು ನಿಶ್ಚಯವಾಗಿ ಇಳಿಸುತ್ತವೆ. ಆದರೂ ಮದ್ದನ್ನು ನಿಲ್ಲಿಸಿದವರಲ್ಲಿ, ಇಳಿದುದರ ಮೂರರಲ್ಲಿ ಎರಡು ಪಾಲು ಒಂದೇ ವರ್ಷದಲ್ಲಿ ಮರಳಿತೆಂದು 2022ರ ವರದಿ ಹೇಳುತ್ತದೆ. ಮದ್ದಿನ ದೋಷ ಅದಲ್ಲ. ಖಾಲಿಯಾಗಿ ಕಾದಿರುವ ಕೋಶಗಳ ಸ್ವಭಾವವೇ ಅದು.

ಇದುವರೆಗೆ ಹೇಳಿದುದು ಮನುಷ್ಯಮಾತ್ರರಿಗೆಲ್ಲ ಅನ್ವಯಿಸುವ ವಿಚಾರ. ನಾಲ್ಕನೆಯ ಭಾಗದಲ್ಲಿ ನಮ್ಮವರ ಮೈಯ ವಿಶೇಷವನ್ನು ನೋಡೋಣ. 2004ರಲ್ಲಿ ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರೂ ಅವರ ಆಂಗ್ಲ ಮಿತ್ರರಾದ ಜಾನ್ ಯುಡ್ಕಿನ್ನರೂ ತಮ್ಮಿಬ್ಬರದೇ ಚಿತ್ರವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕವನ್ನು ಸೂಚಿಸುವ ದೇಹರಾಶಿಯ ಸೂಚ್ಯಂಕ ಇಬ್ಬರಿಗೂ ಒಂದೇ, 22.3, ಆದರೆ ಯುಡ್ಕಿನ್ನರ ದೇಹದಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕರ ದೇಹದಲ್ಲಿ ಶೇಕಡಾ 21.2. ತೆಳ್ಳಗೆ ಕಾಣುವ ಭಾರತೀಯನ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಎಂಬುದನ್ನು ಇದಕ್ಕಿಂತ ಸಮರ್ಥವಾಗಿ ತೋರಿಸುವುದು ಕಷ್ಟ. ಪುಣೆಯ ಸುತ್ತಣ ಹಳ್ಳಿಗಳ ನವಜಾತ ಶಿಶುಗಳು ಸರಾಸರಿ 2.7 ಕಿಲೋ ತೂಗಿದರೆ ಇಂಗ್ಲೆಂಡಿನ ಶಿಶುಗಳು 3.5 ಕಿಲೋ ತೂಗಿದುವು. ಹಾಗಿದ್ದೂ ಚರ್ಮದಡಿಯ ಕೊಬ್ಬು ಮಾತ್ರ ನಮ್ಮ ಶಿಶುಗಳಲ್ಲಿ ಅದೇ ಪ್ರಮಾಣದಲ್ಲಿ ತಗ್ಗಿರಲಿಲ್ಲ.

ನಮ್ಮ ಕರ್ನಾಟಕದ್ದೇ ಆದ ಸಾಕ್ಷ್ಯ ಇದಕ್ಕಿಂತ ಹಳೆಯದು. ಮೈಸೂರಿನಲ್ಲಿ ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ದಾದಿಯರು 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಶ್ರದ್ಧೆಯಿಂದ ಬರೆದಿಡುತ್ತ ಬಂದಿದ್ದರು. ಅರ್ಧ ಶತಮಾನದ ಮೇಲೆ ಆ ದಫ್ತರಗಳನ್ನು ಹಿಡಿದು, ಅದೇ ಕೂಸುಗಳು ಬೆಳೆದು ನಡುವಯಸ್ಸಿಗೆ ಬಂದಿದ್ದವರನ್ನು ಹುಡುಕಿ ಪರೀಕ್ಷಿಸಿದ ಸಂಶೋಧಕರು, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಹೃದ್ರೋಗ ಹೆಚ್ಚಾಗಿ ಬಂದುದನ್ನು 1996ರಲ್ಲಿ ಪ್ರಕಟಪಡಿಸಿದರು. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಆರಂಭವಾಗಿ, ಡಾ. ಕೃಷ್ಣವೇಣಿ, ಡಾ. ಕ್ಯಾರೊಲಿನ್ ಫಾಲ್ ಮೊದಲಾದವರು ಮುಂದುವರಿಸಿದ ಅಧ್ಯಯನದಲ್ಲಿ, ಮೈಸೂರಿನ ಶಿಶುಗಳು ಚಿಕ್ಕವಾಗಿದ್ದರೂ ಬೆನ್ನಿನ ಮೇಲಿನ ಕೊಬ್ಬು ಹುಟ್ಟಿನಿಂದಲೇ ಗಣನೀಯವಾಗಿದ್ದು, ನಾಲ್ಕು ವರ್ಷದ ವಯಸ್ಸಿನಲ್ಲಿಯೂ ಅದು ಹಾಗೆಯೇ ಉಳಿದಿತ್ತೆಂದು ತಿಳಿದುಬಂದಿತು. ಮುಂಡಭಾಗದಲ್ಲಿ ಕೊಬ್ಬನ್ನು ಕೂಡಿಹಾಕುವ ಪ್ರವೃತ್ತಿಯನ್ನು ನಮ್ಮ ಮಕ್ಕಳು ಗರ್ಭದಿಂದಲೇ ತರುತ್ತಾರೆ. ತಾಯಿಯ ಪೋಷಣೆ, ಗರ್ಭಕಾಲದ ಮಧುಮೇಹ ಇವು ಮಗುವಿನ ಮುಂದಿನ ಆರೋಗ್ಯವನ್ನು ರೂಪಿಸುತ್ತವೆ.

ಈ ಕಾರಣದಿಂದಲೇ ಪಾಶ್ಚಾತ್ಯರಿಗೆ ಸೂಚ್ಯಂಕ 25ರಿಂದ ಅಧಿಕತೂಕವೆಂದು ಲೆಕ್ಕಿಸಿದರೆ, ನಮ್ಮ ದೇಶದ ತಜ್ಞರು 23ರಿಂದಲೇ ಎಚ್ಚರಿಸುತ್ತಾರೆ. ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರನ್ನೂ ಸ್ತ್ರೀಯರಲ್ಲಿ 80 ಸೆಂಟಿಮೀಟರನ್ನೂ ಮೀರಬಾರದೆನ್ನುತ್ತಾರೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ಶೇಕಡಾ 11.4 ಮಂದಿಗೆ ಮಧುಮೇಹವೂ, ಶೇಕಡಾ 39.5 ಮಂದಿಗೆ ಹೊಟ್ಟೆಯ ಬೊಜ್ಜೂ ಇರುವುದಾಗಿ ಕಂಡುಬಂದಿದೆ. ತಕ್ಕಡಿಗಿಂತ ದರ್ಜಿಯ ಟೇಪು ನಮ್ಮವರಿಗೆ ಹೆಚ್ಚು ನಿಜವನ್ನು ಹೇಳುತ್ತದೆ.

ಇಷ್ಟನ್ನೂ ಕೇಳಿದ ಮೇಲೆ ತಮ್ಮಲ್ಲಿ ಕೆಲವರಿಗೆ ನಿರಾಶೆಯಾಗಿರಬಹುದು: ಕೋಶಗಳು ಹೋಗವು, ಹಸಿವು ಬಿಡದು, ತೂಕ ಮರಳುತ್ತದೆ, ಹಾಗಾದರೆ ಪ್ರಯತ್ನವೇಕೆ? ಅದಕ್ಕೆ ಎರಡು ಉತ್ತರಗಳಿವೆ. ತೂಕ ಇಳಿಯುವಾಗ ಅಪಾಯದ ಜಾಗದಲ್ಲಿರುವ, ಎಂದರೆ ಯಕೃತ್ತಿನಲ್ಲಿರುವ ಕೊಬ್ಬು ಬೇಗನೆ ಖಾಲಿಯಾಗುತ್ತದೆಂಬುದು ಮೊದಲನೆಯದು. 2017ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಧುಮೇಹ ಬಂದು ಆರು ವರ್ಷ ಮೀರದವರಿಗೆ ಮಿತಾಹಾರವನ್ನು ವಿಧಿಸಿದಾಗ, ಒಂದು ವರ್ಷದ ಕೊನೆಗೆ ಶೇಕಡಾ 46 ಮಂದಿ ಔಷಧವಿಲ್ಲದೆ ಮಧುಮೇಹದಿಂದ ಹೊರಬಂದಿದ್ದರು. 15 ಕಿಲೋ ಅಥವಾ ಹೆಚ್ಚು ಇಳಿಸಿದವರಲ್ಲಿ ಆ ಪ್ರಮಾಣ ಶೇಕಡಾ 86. ಎರಡನೆಯ ಉತ್ತರ ನಮ್ಮ ನೆರೆಯ ಚೆನ್ನೈಯದು. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದಂತೆ, ಮಧುಮೇಹದ ಹೊಸ್ತಿಲಲ್ಲಿದ್ದವರಿಗೆ ನಡಿಗೆಯನ್ನೂ ಆಹಾರನಿಯಮವನ್ನೂ ರೂಢಿ ಮಾಡಿಸಿದಾಗ, ಮೂರು ವರ್ಷಗಳಲ್ಲಿ ಅವರಲ್ಲಿ ಶೇಕಡಾ 39.3 ಮಂದಿ ಮಧುಮೇಹಿಗಳಾದರು. ಏನೂ ಮಾಡದವರಲ್ಲಿ ಆ ಪ್ರಮಾಣ ಶೇಕಡಾ 55. ವಿಶೇಷವೇನೆಂದರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತಕ್ಕಡಿ ಮೆಚ್ಚದಿದ್ದರೂ ಮೈ ಉಪಕಾರವನ್ನು ಪಡೆದಿತ್ತು.

ಈಗ ಉಪಸಂಹಾರಕ್ಕೆ ಬರುತ್ತೇನೆ. ಈ ಶಾಸ್ತ್ರದಿಂದ ಫಲಿಸುವ ಮೂರು ಮಾತುಗಳನ್ನು ತಮ್ಮ ಮುಂದಿಡುತ್ತೇನೆ. ತೂಕ ಇಳಿಸುವುದು ಕೆಲವು ತಿಂಗಳ ಸಾಹಸ. ಇಳಿದುದನ್ನು ಕಾಯುವುದು ಜೀವಮಾನದ ಕೃಷಿ. ಮೂರು ತಿಂಗಳಿನಲ್ಲಿ ಮೈ ಕರಗಿಸುವೆವೆಂದು ಪೇಟೆಯಲ್ಲಿ ಮಾರುವ ಪುಡಿ ಕಷಾಯಗಳನ್ನು ನಂಬದೆ, ಹತ್ತು ವರ್ಷ ನಡೆಸಿಕೊಂಡು ಹೋಗಬಲ್ಲ ಸಣ್ಣ ಬದಲಾವಣೆಯನ್ನೇ ಆರಿಸಿಕೊಳ್ಳಿರಿ. ಎರಡನೆಯದಾಗಿ, ಇಳಿಸಿದ ತೂಕ ಮರಳಿ ಬಂದವರನ್ನು ಕಂಡು ನಗುವುದನ್ನು ನಾವು ಬಿಡಬೇಕು. ಅವರು ಹೋರಾಡುತ್ತಿರುವುದು ಕ್ಷಾಮಗಳನ್ನು ದಾಟಿಬಂದ ಒಂದು ಶರೀರವ್ಯವಸ್ಥೆಯೊಡನೆ. ಮನೆಯವರ ಕುಚೋದ್ಯದಿಂದ ಅವರಿಗೆ ಬಲ ಬರಲಾರದು, ಅಡಿಗೆಮನೆಯ ಸಹಕಾರದಿಂದ ಬಂದೀತು.

ಮೂರನೆಯ ಮಾತು ಈ ವಿದ್ಯಾಸಂಸ್ಥೆಯ ಆಡಳಿತದವರಿಗೆ ಮತ್ತು ಪಾಲಕರಿಗೆ. ಕೋಶಗಳ ಸಂಖ್ಯೆ ನಿಶ್ಚಯವಾಗುವುದು ಬಾಲ್ಯದಲ್ಲಿ, ಹದಿಹರೆಯದಲ್ಲಿ. ನಾವು ಏನಾದರೂ ಮಾಡಬಹುದಾದ ಕಾಲವೂ ಅದೇ. 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಸ್ಥಾಪಿಸಿ ಸಾವಿರಾರು ತರುಣರಿಗೆ ಕವಾಯತು, ವ್ಯಾಯಾಮಗಳನ್ನು ಕಲಿಸಿದ ಡಾ. ನಾ. ಸು. ಹರ್ಡೀಕರರು ನೆಲೆಸಿದ್ದ ಘಟಪ್ರಭೆ ಇಲ್ಲಿಗೆ ದೂರವಿಲ್ಲ. ಅವರ ಸೀಮೆಯ ಶಾಲೆಗಳಲ್ಲಿ ಆಟದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡುವುದು, ಆಟದ ಬಯಲನ್ನು ಕಟ್ಟಡಕ್ಕೆ ಬಿಟ್ಟುಕೊಡುವುದು ನಿಲ್ಲಬೇಕು. ಹುಡುಗರಿಗಿರುವಷ್ಟೇ ಬಯಲು ಹುಡುಗಿಯರಿಗೂ ದೊರೆಯಬೇಕು. ಶಾಲೆಯ ಬಾಗಿಲಲ್ಲಿ ಪೊಟ್ಟಣದ ಕರಿದ ತಿನಿಸುಗಳ ಬದಲು ಶೇಂಗಾ, ಪುಠಾಣಿ, ಹಣ್ಣು ದೊರೆಯುವಂತಾಗಬೇಕು. ಬಸುರಿ ಹೆಂಗಸರ ಸಕ್ಕರೆಯ ಪರೀಕ್ಷೆ ಪ್ರತಿಯೊಂದು ಹಳ್ಳಿಯಲ್ಲಿಯೂ ತಪ್ಪದೆ ನಡೆಯುವಂತೆ ಹಿರಿಯರು ನೋಡಿಕೊಳ್ಳಬೇಕು. ಈ ವರ್ಷದಿಂದಲೇ ಈ ಕೆಲಸಗಳಲ್ಲಿ ಒಂದನ್ನಾದರೂ ಕೈಗೆತ್ತಿಕೊಳ್ಳಬೇಕೆಂದು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.